ತ್ರಿವುಡೆಗೆ ಡ್ರಮ್ ಕೂರಿಸಿದ್ದು: ಹದಿನಾಲ್ಕು ಮನೆ, ನಾಲ್ಕು ಪ್ಯಾಡ್, ಒಂದು ಗುಮಟೆ

ಶಿರಸಿಯ ಗೆಳತಿಯೊಬ್ಬಳು ತನ್ನ ನೃತ್ಯ ತಂಡಕ್ಕೆ ನಾಲ್ಕು ನಿಮಿಷದ ಎಲೆಕ್ಟ್ರಾನಿಕ್ ಸಂಗೀತ ಬೇಕು ಅಂದಳು. ಜೊತೆಗೆ ಎರಡು ಷರತ್ತು. ತಾಳ ಯಕ್ಷಗಾನದ ತ್ರಿವುಡೆಯೇ ಆಗಬೇಕು, ಅಂದರೆ ಒಂದು ಆವರ್ತಕ್ಕೆ (ಸುತ್ತಿಗೆ) ಏಳು ಅಕ್ಷರ. ಕೇಳಿದ ಕೂಡಲೇ ಇದು ನಮ್ಮ ಕಡೆಯದು ಅಂತ ಗೊತ್ತಾಗಬೇಕು. "ಬರೀ ಧಡ್ ಧಡ್ ಅಂತ ಬಡಿಯುವುದು ಬೇಡ ಮಾರಾಯಾ, ಅದಕ್ಕೆ ನಮ್ಮ ಕಾಲು ಏಳೋದಿಲ್ಲ" ಅಂದಳು.

ಸಿಂಥ್ (ಸದ್ದನ್ನು ಎಲೆಕ್ಟ್ರಾನಿಕ್ ಆಗಿ ಹುಟ್ಟಿಸುವ ಸಿಂಥಸೈಜರ್), ಬೇಸ್ ಎಲ್ಲ ಬೇಗ ಕೂತಿತು. ಡ್ರಮ್ ಹಾಗಲ್ಲ. ಕಂಪ್ಯೂಟರಿನಲ್ಲಿ ಡ್ರಮ್ ಮಾಡಲು ಹಲವು ದಾರಿ ಇವೆ. ರೆಡಿಮೇಡ್ ಲೂಪ್, ಅಂದರೆ ಮತ್ತೆ ಮತ್ತೆ ತಿರುಗುವ ರೆಕಾರ್ಡ್ ಮಾಡಿದ ತುಣುಕು, ತಂದು ಹಾಕಬಹುದು. ಸ್ಟೆಪ್ ಸೀಕ್ವೆನ್ಸರಿನಲ್ಲಿ ಆವರ್ತವನ್ನು ಸಮನಾದ ಮನೆಗಳಾಗಿ ಭಾಗ ಮಾಡಿ ಒಂದೊಂದೇ ಮನೆ ತುಂಬಬಹುದು. ಪ್ಯಾಡ್ ಮೇಲೆ ಕೈಯಲ್ಲೇ ನುಡಿಸಬಹುದು. ಸದ್ದನ್ನು ನಾವೇ ರೆಕಾರ್ಡ್ ಮಾಡಬಹುದು, ಇಲ್ಲವೇ ಸೊನ್ನೆಯಿಂದ ಸಿಂಥ್‌ನಲ್ಲಿ ಕಟ್ಟಬಹುದು. ಇದರಲ್ಲಿ ಯಾವುದು ಒಳ್ಳೆಯದು ಅಂತ ಇಡೀ ಡ್ರಮ್ಮಿಗೆ ಒಂದೇ ಪ್ರಶ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದೊಂದು ಸದ್ದಿಗೂ ಬೇರೆಬೇರೆ ಕೇಳಬೇಕು. ಈ ಸದ್ದು ಕದಲದೆ ನಿಲ್ಲಬೇಕಾ, ಇದರಲ್ಲಿ ಮನುಷ್ಯನ ಕೈ ಕೇಳಬೇಕಾ? ಅದು ತೀರ್ಮಾನವಾದರೆ ವಿಧಾನ ತಾನಾಗಿ ಸಿಗುತ್ತದೆ. ಅಂಕೋಲೆಯ ನಮ್ಮ ಮನೆಯ ಮಹಡಿಯಲ್ಲಿ ಈ ಕೆಲಸ ನಡೆದ ಬಗೆ ಇಲ್ಲಿದೆ.

ಲೂಪ್ ಯಾಕೆ ಬಿಟ್ಟೆ

ಲೂಪ್ ಬಗ್ಗೆ ನನಗೆ ತಾತ್ಸಾರ ಇಲ್ಲ. 1969ರ ಒಂದು ಅಮೆರಿಕನ್ ರೆಕಾರ್ಡಿನಲ್ಲಿ ಗ್ರೆಗರಿ ಕೋಲ್ಮನ್ ನುಡಿಸಿದ ಕೆಲವೇ ಸೆಕೆಂಡಿನ ಡ್ರಮ್ ತುಣುಕನ್ನು ಅಮೆನ್ ಬ್ರೇಕ್ ಅಂತ ಕರೆಯುತ್ತಾರೆ. ಅದನ್ನು ಕತ್ತರಿಸಿ, ತಿರುವಿ, ವೇಗ ಹೆಚ್ಚಿಸಿಯೇ ಜಂಗಲ್, ಡ್ರಮ್ ಅಂಡ್ ಬೇಸ್ ಎಂಬ ಸಂಗೀತ ಪ್ರಕಾರಗಳು ಬೆಳೆದವು. ಆದರೆ ಕೋಲ್ಮನ್‌ಗೆ ಅದರಿಂದ ರಾಯಲ್ಟಿ ಸಿಗಲೇ ಇಲ್ಲ. ಈ ಸಂಗತಿ ನನ್ನ ತಲೆಯಲ್ಲಿ ಉಳಿದಿತ್ತು, ಮುಂದೆ ಕೆಲಸಕ್ಕೂ ಬಂತು.

ನನಗೆ ಲೂಪ್ ಒಗ್ಗದೇ ಇದ್ದದ್ದು ತಾಳದ ಕಾರಣಕ್ಕೆ. ಸಿಗುವ ಲೂಪ್‌ಗಳಲ್ಲಿ ಹೆಚ್ಚಿನವು ನಾಲ್ಕರ ಲೆಕ್ಕದವು, ಹದಿನಾರು ಮನೆಯವು. ಅದರ ಬಾಲ ಕತ್ತರಿಸಿ ಹದಿನಾಲ್ಕು ಮಾಡಿದರೆ ಸಿಂಬಲ್ಲಿನ ಅನುರಣನ ನಡುವೆಯೇ ತುಂಡಾಗುತ್ತದೆ, ಪ್ರತಿ ಆವರ್ತಕ್ಕೂ ಒಂದು ಎಡವಟ್ಟು ಕೇಳುತ್ತದೆ. ಟೈಮ್ ಸ್ಟ್ರೆಚ್ ಮಾಡಿ ಕುಗ್ಗಿಸಿದರೆ ಪೆಟ್ಟಿನ ಮೊದಲ ಚೂಪು ಸವೆದುಹೋಗುತ್ತದೆ. ಡ್ರಮ್ಮಿಗೆ ಆ ಚೂಪೇ ಜೀವ. ಹಾಗಾಗಿ ಲೂಪ್ ಅಲ್ಲಿಗೇ ಬಿಟ್ಟೆ.

ಹದಿನಾಲ್ಕು ಮನೆ

ಎರಡನೆಯ ದಾರಿ ಸ್ಟೆಪ್ ಸೀಕ್ವೆನ್ಸರ್. 1980ರಲ್ಲಿ ಬಂದ ರೋಲಂಡ್ ಟಿಆರ್-808 ಎಂಬ ಡ್ರಮ್ ಯಂತ್ರದ ಮುಖದ ಮೇಲೆ ಹದಿನಾರು ಗುಂಡಿ ಸಾಲಾಗಿ ಇದ್ದವು. ಯಾವ ಗುಂಡಿ ಒತ್ತಿದರೆ ಆ ಮನೆಯಲ್ಲಿ ಪೆಟ್ಟು ಬೀಳುತ್ತದೆ. ಅದೇ ವರ್ಷ ರೋಜರ್ ಲಿನ್ ಅವರ ಎಲ್‌ಎಂ-1 ಕೂಡ ಬಂತು. 808ರ ಸದ್ದು ಸರ್ಕ್ಯೂಟಿನಲ್ಲೇ ಹುಟ್ಟುತ್ತದೆ. ಎಲ್‌ಎಂ-1ರಲ್ಲಿ ನಿಜವಾದ ಡ್ರಮ್ಮಿನ ರೆಕಾರ್ಡಿಂಗ್ ಇತ್ತು. ಇವತ್ತಿಗೂ ನಮ್ಮ ಮುಂದಿರುವ ಆಯ್ಕೆ ಹೆಚ್ಚುಕಡಿಮೆ ಇದೇ ಎರಡು. ನಮ್ಮಲ್ಲೂ ಇದರ ಚರಿತ್ರೆ ಹಳೆಯದು. ಮುಂಬೈನಲ್ಲಿ ಚರಣಜಿತ್ ಸಿಂಗ್ 1982ರಲ್ಲೇ 808 ಇಟ್ಟುಕೊಂಡು ರಾಗಗಳನ್ನು ನುಡಿಸಿದ್ದರು.

ನಾನು ಬಳಸಿದ್ದು ಹೈಡ್ರೋಜನ್ ಎಂಬ ಉಚಿತ ಸಾಫ್ಟ್‌ವೇರ್, ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪಿನಲ್ಲಿ. ಅದರಲ್ಲಿ ಪ್ಯಾಟರ್ನಿನ ಉದ್ದ ನಾವೇ ಬದಲಿಸಬಹುದು. 16/16 ಇದ್ದದ್ದನ್ನು 14/16 ಮಾಡಿದೆ. ಏಳು ಅಕ್ಷರ, ಅಕ್ಷರಕ್ಕೆ ಎರಡು ಮನೆ. ವೇಗ 100 ಬಿಪಿಎಂ (ನಿಮಿಷಕ್ಕೆ ನೂರು ಬೀಟ್, ಬೀಟಿಗೆ ನಾಲ್ಕು ಮನೆ) ಇಟ್ಟರೆ ಒಂದು ಮನೆಗೆ 150 ಮಿಲಿಸೆಕೆಂಡ್, ಒಂದು ಆವರ್ತಕ್ಕೆ 2.1 ಸೆಕೆಂಡ್.

ಪೆಟ್ಟು ಎಲ್ಲೆಲ್ಲಿ ಬೀಳಬೇಕು ಎನ್ನುವುದಕ್ಕೆ ಒಂದು ಸೊಗಸಾದ ಲೆಕ್ಕ ಇದೆ. ಗಾಡ್‌ಫ್ರೀಡ್ ಟೂಸಾಂ ಎಂಬ ಕಂಪ್ಯೂಟರ್ ವಿಜ್ಞಾನಿ 2005ರಲ್ಲಿ ಒಂದು ಪ್ರಬಂಧ ಬರೆದರು. ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ) ತೆಗೆಯಲು ಶಾಲೆಯಲ್ಲಿ ಕಲಿಯುವ ಯೂಕ್ಲಿಡನ ವಿಧಾನವನ್ನೇ ಬಳಸಿ ಇಷ್ಟು ಮನೆಗಳಲ್ಲಿ ಇಷ್ಟು ಪೆಟ್ಟನ್ನು ಆದಷ್ಟು ಸಮವಾಗಿ ಹಂಚಿದರೆ, ಜಗತ್ತಿನ ಎಷ್ಟೋ ಜನಪದ ತಾಳಗಳು ತಾವಾಗಿ ಸಿಗುತ್ತವೆ ಎಂದು ತೋರಿಸಿದರು. ಏಳು ಮನೆಯಲ್ಲಿ ಮೂರು ಪೆಟ್ಟು ಹಂಚಿ ನೋಡಿ. 2-2-3 ಬರುತ್ತದೆ. ಅದನ್ನು ತಿರುಗಿಸಿ ಮೂರರಿಂದ ಶುರು ಮಾಡಿದರೆ 3-2-2. ತಕಿಟ-ತಕ-ತಕ. ಇದು ನಮ್ಮ ತ್ರಿವುಡೆ ಅಲ್ವಾ! ಕಾಗದದ ಮೇಲೆ ಇದು ಸರಿಹೊಂದಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಕಿಕ್ಕನ್ನು (ಡ್ರಮ್ಮಿನ ತಳದ ದಪ್ಪ ಪೆಟ್ಟನ್ನು) ಈ ಮೂರು ಜಾಗದಲ್ಲಿ ಇಟ್ಟೆ, ಅಂದರೆ ಹದಿನಾಲ್ಕರಲ್ಲಿ 1, 7 ಮತ್ತು 11ನೇ ಮನೆ. ಕಿಕ್ಕಿನ ಸದ್ದನ್ನು ಸಿಂಥ್‌ನಲ್ಲೇ ಕಟ್ಟಿದೆ. ಒಂದು ಸೈನ್ ಅಲೆ, 150 ಹರ್ಟ್ಸ್‌ನಿಂದ 50ಕ್ಕೆ 40 ಮಿಲಿಸೆಕೆಂಡಿನಲ್ಲಿ ಜಾರಬೇಕು, 300 ಮಿಲಿಸೆಕೆಂಡಿನಲ್ಲಿ ಆರಬೇಕು. ಇದಕ್ಕೆ ಕೈಯ ಗುಣ ಬೇಡ. ಕುಣಿಯುವವರ ಕಾಲಿಗೆ ಇದು ಅಡಿಪಾಯ, ಕದಲಬಾರದು. ಸೀಕ್ವೆನ್ಸರ್ ಹುಟ್ಟಿದ್ದೇ ಇಂಥದ್ದಕ್ಕೆ. ಕೈತಾಳದ ಕಿಣಿಕಿಣಿಯನ್ನೂ ಹೀಗೇ ಮನೆಗಳಲ್ಲಿ ತುಂಬಿದೆ.

ಆಮೇಲೆ ಒಂದು ಚರ್ಮವಾದ್ಯದ ಸದ್ದು ತಂದು ಅದೇ ಮನೆಗಳಲ್ಲಿ ಕೂರಿಸಿದೆ. ತಾಳ ಸರಿ ಇತ್ತು, ಕೇಳಲು ಮಾತ್ರ ಆಗಲಿಲ್ಲ. ಒಂದೇ ರೆಕಾರ್ಡಿಂಗ್ ಒಂದೇ ಜೋರಿನಲ್ಲಿ ಮತ್ತೆ ಮತ್ತೆ ಬಂದರೆ ಹೊಲಿಗೆ ಮಿಶನ್ ಓಡಿದ ಹಾಗೆ ಕೇಳುತ್ತದೆ. ಸಾಫ್ಟ್‌ವೇರಿನಲ್ಲಿ ಹ್ಯೂಮನೈಸ್ ಎಂಬ ಗುಂಡಿ ಇದೆ. ಅದು ಜೋರು ಮತ್ತು ಸಮಯವನ್ನು ಸ್ವಲ್ಪ ಅಡ್ಡಾದಿಡ್ಡಿ ಮಾಡುತ್ತದೆ. ಅಡ್ಡಾದಿಡ್ಡಿ ಮಾಡಿದ ಮಾತ್ರಕ್ಕೆ ಅದು ಕೈ ಆಗುವುದಿಲ್ಲ. ಕೈ ತಡ ಮಾಡಿದರೂ ಅದಕ್ಕೊಂದು ಕ್ರಮ ಇರುತ್ತದೆ.

ಗುಮಟೆ

ನಮ್ಮ ಕಡೆಯ ಸದ್ದು ಅಂದರೆ ನನಗೆ ಮೊದಲು ನೆನಪಾಗುವುದು ಗುಮಟೆ. ಚೌತಿಗೆ, ಸುಗ್ಗಿಗೆ ಕಾರವಾರ, ಅಂಕೋಲೆಯ ಊರುಗಳಲ್ಲಿ ಗುಮಟೆ ಪಾಂಗು ಕೇಳದೆ ದಿನ ಕಳೆಯುವುದಿಲ್ಲ. ಮಣ್ಣಿನ ಮಡಕೆ, ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ. ಸಣ್ಣ ಬಾಯಿ ತೆರೆದಿರುತ್ತದೆ. ಬಲಗೈ ಚರ್ಮದ ಮೇಲೆ ಬಡಿದರೆ ಎಡಗೈ ಆ ಸಣ್ಣ ಬಾಯಿಯನ್ನು ಮುಚ್ಚಿ ತೆರೆದು ಸ್ವರ ಬದಲಿಸುತ್ತದೆ. ಹಿಂದೆ ಇದಕ್ಕೆ ಉಡದ ಚರ್ಮ ಹಾಕುತ್ತಿದ್ದರು. ಉಡ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಅದಕ್ಕೇ ಆಡಿನ ಚರ್ಮ. ಪಕ್ಕದ ಗೋವಾದಲ್ಲಿ ಇದೇ ವಾದ್ಯ ಘುಮಟ್. ಅಲ್ಲಿನ ಸರ್ಕಾರ 2019ರಲ್ಲಿ ಅದನ್ನು ಪಾರಂಪರಿಕ ವಾದ್ಯ ಎಂದು ಘೋಷಿಸಿತು.

ನಮ್ಮ ಕೇರಿಯ ಹಿಂದೆ ಹಾಲಕ್ಕಿ ಸಮಾಜದ ಒಬ್ಬ ಹಿರಿಯರಿದ್ದಾರೆ. ಗುಮಟೆಯಲ್ಲಿ ಅವರ ಕೈ ಕೇಳಿಯೇ ಬೆಳೆದವನು ನಾನು. ಮೊದಲು ನನ್ನ ಸೀಕ್ವೆನ್ಸರಿನ ತುಣುಕನ್ನು ಅವರಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ತಾಳ ಉಂಟು. ಇದರಲ್ಲಿ ಕೈ ಎಲ್ಲುಂಟು ತಮ್ಮಾ?" ಅಂದರು.

"ಗೌಡ್ರೇ, ಆ ಕೈಗೇ ಬಂದದ್ದು ನಾನು" ಅಂದೆ.

ರೆಕಾರ್ಡಿಂಗಿನ ಮಾತಿಗೆ ಮುಂಚೆ ಎರಡು ವಿಷಯ ಹೇಳಿದೆ. ಎಲ್ಲಿ ಈ ಸಂಗೀತ ಹಾಕಿದರೂ ಅವರ ಹೆಸರು ಬರುತ್ತದೆ. ನನಗೆ ಸಿಗುವ ಹಣದಲ್ಲಿ ಅವರಿಗೆ ಪಾಲು ಇದೆ. ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ಒಂದೊಂದು ಸದ್ದು) ಅಂದರೆ ಏನು, ಒಂದು ಪೆಟ್ಟನ್ನು ಹೇಗೆ ನೂರು ಸಲ ಬಳಸುತ್ತೇನೆ ಅಂತ ಲ್ಯಾಪ್‌ಟಾಪಿನಲ್ಲೇ ತೋರಿಸಿದೆ. ನೋಡಿದ ಮೇಲೆ ಒಪ್ಪಿದರು. ಜನಪದದವರ ಸದ್ದು ತರುವವರು ಇಷ್ಟನ್ನಾದರೂ ಮಾಡಲೇಬೇಕು.

ಚೌತಿ ಕಳೆದು ಮಳೆ ಸ್ವಲ್ಪ ಇಳಿದಿತ್ತು. ಆದರೂ ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ, ಚರ್ಮ ಸಡಿಲಾಗಿ ಸದ್ದು ಮಂಕಾಗುತ್ತದೆ. ಅವರು ಗುಮಟೆಯನ್ನು ಒಲೆಯ ಕಾವಿಗೆ ಹಿಡಿದು, ತಿರುಗಿಸಿ, ಉಗುರಿನಲ್ಲಿ ಚರ್ಮದ ಅಂಚಿಗೆ ಟಕ್ ಟಕ್ ಅನ್ನಿಸಿ ನೋಡುತ್ತಿದ್ದರು. ಅಂಚಿನ ಸುತ್ತ ಎಲ್ಲ ಕಡೆ ಒಂದೇ ಸ್ವರ ಬರುವ ತನಕ ಮುಗಿಯಿತು ಅನ್ನಲಿಲ್ಲ. ನಡುನಡುವೆ ಮತ್ತೆ ಕಾಯಿಸಬೇಕಾಯಿತು. ಹಾಗಾಗಿ ಒಂದು ಬಗೆಯ ಪೆಟ್ಟನ್ನು ಒಂದೇ ಕಾವಿನಲ್ಲಿ ಮುಗಿಸಿ ಮುಂದಿನದಕ್ಕೆ ಹೋದೆವು. ಇಲ್ಲವಾದರೆ ಒಂದೇ ಪೆಟ್ಟಿನ ಸ್ವರ ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ಜಾರಿಬಿಡುತ್ತದೆ.

ಕೋಣೆಯ ಗೋಡೆಗೆ ಹಾಸಿಗೆ, ಕಂಬಳಿ ಒರಗಿಸಿದೆ. ಫ್ಯಾನ್, ಫ್ರಿಜ್ ಬಂದ್. ಹೆಂಚಿನ ಮೇಲೆ ಮಳೆ ಬಿದ್ದರೆ ಕಾಯುವುದು, ರೈಲು ಹೋದರೆ ಕಾಯುವುದು. ಒಂದು ಕಂಡೆನ್ಸರ್ ಮೈಕನ್ನು ಚರ್ಮದಿಂದ ಒಂದಡಿ ದೂರ, ಸ್ವಲ್ಪ ಓರೆಯಾಗಿ ಇಟ್ಟೆ. ಇನ್ನೊಂದು ಸಣ್ಣ ಬಾಯಿಯ ಹತ್ತಿರ, ನೇರ ಎದುರಿಗಲ್ಲ, ಗೇಣು ಪಕ್ಕಕ್ಕೆ. ಎದುರಿಗಿಟ್ಟರೆ ಪ್ರತಿ ಪೆಟ್ಟಿಗೂ ಬಾಯಿಂದ ಹೊರಡುವ ಗಾಳಿ ಮೈಕಿಗೆ ಬಡಿಯುತ್ತದೆ. ಎರಡೂ ಮೈಕನ್ನು ಕೂಡಿಸಿದಾಗ ತಳದ ಸದ್ದು ತೆಳುವಾಯಿತು. ಚರ್ಮ ಒಳಕ್ಕೆ ಹೋದಾಗ ಬಾಯಿಂದ ಗಾಳಿ ಹೊರಕ್ಕೆ ಬರುತ್ತದಲ್ಲ, ಎರಡು ಅಲೆ ಎದುರುಬದುರು. ಒಂದರ ಪೊಲಾರಿಟಿ ತಿರುಗಿಸಿದ, ಅಂದರೆ ಅಲೆಯನ್ನು ತಲೆಕೆಳಗು ಮಾಡಿದ ಕೂಡಲೇ ಆ ಧುಂ ತುಂಬಿಕೊಂಡು ಬಂತು.

ನಾಲ್ಕು ಬಗೆ ತೆಗೆದುಕೊಂಡೆವು. ಬಾಯಿ ತೆರೆದ ಧುಂ, ಬಾಯಿ ಮುಚ್ಚಿದ ಟಪ್, ಅಂಚಿನ ಟಕ್, ಮತ್ತು ಬಡಿದ ಮೇಲೆ ನಿಧಾನ ಬಾಯಿ ಮುಚ್ಚಿದಾಗ ಕೆಳಗೆ ಜಾರುವ ಸ್ವರ. ಪ್ರತಿ ಬಗೆಗೂ ಮೆಲ್ಲಗಿನಿಂದ ಜೋರಿನವರೆಗೆ ಹಲವು ಹಂತ, ಹಂತಕ್ಕೆ ಕೆಲವು ಪೆಟ್ಟು. ಹೈಡ್ರೋಜನ್‌ನಲ್ಲಿ ಇವನ್ನು ಲೇಯರ್ ಮಾಡಿ ವೆಲಾಸಿಟಿ (ಪೆಟ್ಟಿನ ಜೋರು) ಹಂಚಿದೆ. ಒಂದೇ ಹಂತದಲ್ಲಿ ಇರುವವನ್ನು ರೌಂಡ್ ರಾಬಿನ್ ಇಟ್ಟೆ, ಸರದಿಯಲ್ಲಿ ಒಂದೊಂದೇ ನುಡಿಯುತ್ತದೆ. ಧುಂ, ಟಪ್ ಮತ್ತು ಜಾರುವ ಸ್ವರ ಒಂದೇ ಮ್ಯೂಟ್ ಗ್ರೂಪಿನಲ್ಲಿ. ಟಪ್ ಬಿದ್ದರೆ ಹಿಂದಿನ ಧುಂ ಅಲ್ಲೇ ನಿಲ್ಲಬೇಕು, ಮಡಕೆ ಒಂದೇ ತಾನೇ.

ಕೊನೆಗೆ ನನ್ನ ಕಿಕ್ಕನ್ನು ಹೆಡ್‌ಫೋನಿನಲ್ಲಿ ಹಾಕಿ, ಇದರ ಮೇಲೆ ನಿಮಗೆ ತೋಚಿದ್ದು ನುಡಿಸಿ ಅಂದೆ. ಅವರಿಗೆ ಹೆಡ್‌ಫೋನ್ ಹಿಡಿಸಲಿಲ್ಲ. "ನೀನು ಕೈ ತಟ್ಟು, ನಾನು ಹಿಡಿಯುತ್ತೇನೆ" ಅಂದರು. ಹೆಡ್‌ಫೋನ್ ನಾನು ಹಾಕಿಕೊಂಡು ಎದುರು ಕೂತು ತಟ್ಟಿದೆ. ಆ ರೆಕಾರ್ಡಿಂಗ್‌ನ ಎಂಟು ಆವರ್ತ ಹಾಡಿನ ಆರಂಭದಲ್ಲಿ ಹಾಗೇ ಇದೆ, ಒಂದು ಪೆಟ್ಟನ್ನೂ ಮುಟ್ಟಿಲ್ಲ.

ಪೂರ್ತಿ ನಾಲ್ಕು ನಿಮಿಷ ಅವರಿಂದಲೇ ನುಡಿಸಬಹುದಿತ್ತಲ್ಲ ಅಂತ ಕೇಳಬಹುದು. ನೃತ್ಯದ ಅಭ್ಯಾಸ ನಡೆದಂತೆ ಭಾಗಗಳು ಹಿಂದೆ ಮುಂದೆ ಆಗುತ್ತವೆ. ಅದಕ್ಕೆಲ್ಲ ಆ ವಯಸ್ಸಿನವರನ್ನು ಮತ್ತೆ ಮತ್ತೆ ಕೂರಿಸುವುದು ಸರಿಯಲ್ಲ. ಮತ್ತೆ ಒಂದೊಂದು ಪೆಟ್ಟಿಗೂ ಬೇರೆ ಫಿಲ್ಟರ್, ಎಕೋ ಹಾಕಬೇಕಿತ್ತು. ಅದಕ್ಕೆ ಸ್ಯಾಂಪಲ್ ಬೇಕೇ ಬೇಕು.

ಚಪ್ಪಲಿ ಅಟ್ಟೆಯ ಪ್ಯಾಡ್

ಸದ್ದು ಸಿಕ್ಕಿತು. ಅದನ್ನು ಕೈಯಲ್ಲಿ ನುಡಿಸಲು ಪ್ಯಾಡ್ ಬೇಕು. ಕೊಳ್ಳುವ ಪ್ಯಾಡ್‌ಗಳು ಬೆರಳಿಗೆ ಸರಿ. ಗುಮಟೆ ಅಂಗೈಯ ವಾದ್ಯ, ಅಗಲ ಬೇಕು. ಅದಕ್ಕೆ ಮನೆಯಲ್ಲೇ ಕಟ್ಟಿದೆ.

ಬೇಕಾದದ್ದು ಇಷ್ಟು: 27 ಮಿಲಿಮೀಟರಿನ ನಾಲ್ಕು ಪೀಜೋ ಬಿಲ್ಲೆ, ನಾಲ್ಕು 1 ಮೆಗಾ ಓಮ್ ರೆಸಿಸ್ಟರ್, ನಾಲ್ಕು 5.1 ವೋಲ್ಟಿನ ಝೀನರ್ ಡಯೋಡ್, ಒಂದು ಆರ್ಡುಯಿನೋ ಲಿಯೊನಾರ್ಡೊ (ಕೋಡ್ ಬರೆದು ಹಾಕಬಹುದಾದ ಸಣ್ಣ ಸರ್ಕ್ಯೂಟ್ ಬೋರ್ಡ್). ಲಿಯೊನಾರ್ಡೊವೇ ಯಾಕೆ ಅಂದರೆ ಅದು ಯುಎಸ್‌ಬಿಯಲ್ಲಿ ನೇರ ಮಿಡಿ (ಯಾವ ಪೆಟ್ಟು, ಎಷ್ಟು ಜೋರು ಅಂತ ಕಂಪ್ಯೂಟರಿಗೆ ತಿಳಿಸುವ ಸಂಕೇತ) ಸಾಧನವಾಗಿ ಕಾಣಿಸಿಕೊಳ್ಳುತ್ತದೆ. ಪ್ಲೈವುಡ್ ತುಂಡು, ಅದರ ಮೇಲೆ ತೆಳು ಸ್ಪಂಜು, ಸ್ಪಂಜಿನ ಮೇಲೆ ಬಿಲ್ಲೆ, ಅದರ ಮೇಲೆ ಹವಾಯಿ ಚಪ್ಪಲಿ ಅಟ್ಟೆಯ ರಬ್ಬರ್ ಹಾಳೆ. ಈ ಹಾಳೆ ಚಪ್ಪಲಿ ರಿಪೇರಿಯವರ ಹತ್ತಿರ ಸಿಗುತ್ತದೆ.

ಪೀಜೋ ಬಿಲ್ಲೆಗೆ ಪೆಟ್ಟು ಬಿದ್ದರೆ ವಿದ್ಯುತ್ ಹುಟ್ಟುತ್ತದೆ, ಕೆಲವೊಮ್ಮೆ ಹತ್ತಾರು ವೋಲ್ಟ್. ಅದು ನೇರ ಆರ್ಡುಯಿನೋಗೆ ಹೋದರೆ ಪಿನ್ ಸುಡಬಹುದು. ಝೀನರ್ ಅದನ್ನು 5 ವೋಲ್ಟಿನ ಆಸುಪಾಸಿಗೆ ಕಟ್ಟಿಹಾಕುತ್ತದೆ. ಬಿಲ್ಲೆಯಲ್ಲಿ ಉಳಿದ ಚಾರ್ಜ್ ಇಳಿಯಲು ರೆಸಿಸ್ಟರ್. ಎರಡನ್ನೂ ಬಿಲ್ಲೆಯ ಎರಡು ತಂತಿಗಳ ನಡುವೆ ಸೋಲ್ಡರ್ ಮಾಡಬೇಕು. ಬಿಲ್ಲೆಯ ನಡುವಿನ ಬಿಳಿ ಭಾಗಕ್ಕೆ ಬಿಸಿ ಜಾಸ್ತಿ ಕೊಟ್ಟರೆ ಅದರ ಲೇಪ ಎದ್ದು ಬರುತ್ತದೆ. ತಂತಿಗೆ ಮೊದಲೇ ಸೀಸ ಹಚ್ಚಿಕೊಂಡು ಕ್ಷಣದಲ್ಲಿ ಮುಟ್ಟಿಸಿ ತೆಗೆಯಬೇಕು.

ಕೋಡಿನ ಕೆಲಸ ಸಣ್ಣದು, ಹದಕ್ಕೆ ತರುವುದು ದೊಡ್ಡದು. ಆರ್ಡುಯಿನೋ ಪ್ರತಿ ಪಿನ್ನಿನಲ್ಲಿ 0ಯಿಂದ 1023ರವರೆಗೆ ಒಂದು ಅಂಕೆ ಓದುತ್ತದೆ. 40 ದಾಟಿದರೆ ಪೆಟ್ಟು ಬಿತ್ತು ಅಂತ ಲೆಕ್ಕ. ಆಮೇಲೆ 3 ಮಿಲಿಸೆಕೆಂಡ್ ಕಾದು, ಆ ಹೊತ್ತಿನಲ್ಲಿ ಬಂದ ಅತಿ ದೊಡ್ಡ ಅಂಕೆಯನ್ನು ಜೋರು ಅಂತ ಹಿಡಿಯುತ್ತದೆ. ಮುಂದಿನ 40 ಮಿಲಿಸೆಕೆಂಡ್ ಆ ಪ್ಯಾಡಿಗೆ ಕಿವುಡು. ಇಲ್ಲವಾದರೆ ರಬ್ಬರಿನ ನಡುಕವೇ ಎರಡನೇ ಪೆಟ್ಟಾಗುತ್ತದೆ. ನನ್ನ ವೇಗದಲ್ಲಿ ಅರ್ಧ ಮನೆಗೆ 75 ಮಿಲಿಸೆಕೆಂಡ್, ಹಾಗಾಗಿ ವೇಗದ ಉರುಳಿಕೆಗೂ ಈ 40 ಅಡ್ಡಿಯಿಲ್ಲ.

ಒಂದು ಪ್ಯಾಡ್ ಬಡಿದರೆ ಪಕ್ಕದ್ದೂ ನುಡಿಯುತ್ತಿತ್ತು. ಒಂದೇ ಪ್ಲೈವುಡ್ ಮೇಲೆ ನಾಲ್ಕೂ ಇದ್ದುದರಿಂದ ನಡುಕ ದಾಟುತ್ತಿತ್ತು. ಹಲಗೆಯನ್ನು ನಾಲ್ಕು ತುಂಡು ಮಾಡಿ ಕೆಳಗೆ ಹಳೆಯ ಮೌಸ್ ಪ್ಯಾಡ್ ಕತ್ತರಿಸಿ ಅಂಟಿಸಿದೆ. ಕೋಡಿನಲ್ಲೂ, 5 ಮಿಲಿಸೆಕೆಂಡಿನೊಳಗೆ ಎರಡು ಪ್ಯಾಡ್ ಎದ್ದರೆ ಜೋರಿನದನ್ನು ಮಾತ್ರ ಬಿಡು ಅಂತ ಬರೆದೆ. ಅಲ್ಲಿಗೆ ಸದ್ದಡಗಿತು. ಜೋರಿನ ಅಂಕೆಯನ್ನು ನೇರ ಗೆರೆಯಲ್ಲಿ ಮಿಡಿಯ 1ರಿಂದ 127ಕ್ಕೆ ಇಳಿಸಿದರೆ ಮೆಲ್ಲಗಿನ ಪೆಟ್ಟು ಕೇಳಿಸುವುದೇ ಇಲ್ಲ. ವರ್ಗಮೂಲದ ಗೆರೆ ಹಾಕಿದೆ, ಮೆದು ಪೆಟ್ಟು ಮೇಲೆದ್ದು ಬಂತು.

ಲ್ಯಾಪ್‌ಟಾಪಿನಲ್ಲಿ 48 ಕಿಲೋಹರ್ಟ್ಸ್‌ಗೆ 128ರ ಬಫರ್ (ಕಂಪ್ಯೂಟರ್ ಒಮ್ಮೆಗೆ ಸಿದ್ಧಮಾಡುವ ಸದ್ದಿನ ಕಂತು) ಇಟ್ಟರೆ ಒಂದು ಬಫರಿಗೆ 2.7 ಮಿಲಿಸೆಕೆಂಡ್. ಬಡಿದದ್ದಕ್ಕೂ ಕೇಳಿದ್ದಕ್ಕೂ ಅಂತರ ಕೈಗೆ ಗೊತ್ತಾಗದಷ್ಟು. 512 ಇಟ್ಟಾಗ ಗೊತ್ತಾಗುತ್ತಿತ್ತು, ಕೈ ತಾನಾಗಿ ಮುಂದೆ ಓಡುತ್ತಿತ್ತು.

ತಡದ ಅಳತೆ

ನುಡಿಸುವ ಮೊದಲು ಗೌಡರ ಆ ಎಂಟು ಆವರ್ತವನ್ನು ಪರದೆಯ ಮೇಲೆ ದೊಡ್ಡದು ಮಾಡಿ ಕಿಕ್ಕಿನ ಗೆರೆಗಳ ಪಕ್ಕ ಇಟ್ಟು ನೋಡಿದೆ. ಆವರ್ತದ ಮೊದಲ ಪೆಟ್ಟು ಗೆರೆಯ ಮೇಲೇ ಇದೆ. ತಕಿಟ ಮುಗಿದು ಬರುವ ಪೆಟ್ಟು 15ರಿಂದ 20 ಮಿಲಿಸೆಕೆಂಡ್ ತಡ. ಮುಂದಿನ ಸಮಕ್ಕೆ (ಆವರ್ತದ ಮೊದಲ ಪೆಟ್ಟಿಗೆ) ಮುಂಚಿನ ಸಣ್ಣ ಪೆಟ್ಟು ತುಸು ಬೇಗ. ಎಂಟು ಆವರ್ತದಲ್ಲೂ ಇದೇ ಕ್ರಮ. ನಡುವೆ ಒರಗಿ, ಕೊನೆಗೆ ಮುನ್ನುಗ್ಗಿ ಸಮಕ್ಕೆ ಬೀಳುತ್ತಾರೆ. ಸ್ವಿಂಗ್ ಗುಂಡಿಯಿಂದ ಇದು ಬರುವುದಿಲ್ಲ. ಸ್ವಿಂಗ್ ಎರಡಕ್ಕೊಂದು ಮನೆಯನ್ನು ಒಂದೇ ಅಳತೆಯಲ್ಲಿ ತಳ್ಳುತ್ತದೆ, ಅಷ್ಟೇ.

ಇಷ್ಟು ಸೂಕ್ಷ್ಮಕ್ಕೆ ಹೈಡ್ರೋಜನ್‌ನಲ್ಲೇ ರೆಕಾರ್ಡ್ ಮಾಡಲಿಲ್ಲ. ಅದು ಒಂದು ಬೀಟನ್ನು 48 ಪಾಲು ಮಾಡುತ್ತದೆ, 100 ಬಿಪಿಎಂನಲ್ಲಿ ಒಂದು ಪಾಲು 12.5 ಮಿಲಿಸೆಕೆಂಡ್. 15ರ ತಡ ಹಿಡಿಯಲು ಅದು ಒರಟು. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ 960 ಪಾಲು, ಒಂದಕ್ಕೆ 0.6 ಮಿಲಿಸೆಕೆಂಡ್. ಪ್ಯಾಡಿನ ಮಿಡಿಯನ್ನು ರೀಪರ್‌ನಲ್ಲಿ ಹಿಡಿದು, ಸದ್ದಿಗೆ ಮಾತ್ರ ಹೈಡ್ರೋಜನ್‌ಗೆ ಕಳಿಸಿದೆ. ಪೆಟ್ಟನ್ನು ಗೆರೆಗೆ ಎಳೆದು ಕೂರಿಸುವ ಕ್ವಾಂಟೈಸ್ ಮುಟ್ಟಲಿಲ್ಲ. ಗೌಡರ ತುಣುಕನ್ನು ಕೇಳುತ್ತಾ, ಅವರ ಜೊತೆ ನುಡಿಸುತ್ತಾ, ನಡುವಿನ ಆ ಒರಗುವಿಕೆ ಕೈಗೆ ಕೂತ ಮೇಲೆ ಉಳಿದ ಭಾಗ ರೆಕಾರ್ಡ್ ಮಾಡಿದೆ.

ಆಮೇಲೆ ಒಂದು ಆಟ ಮಾಡಿದೆ. ಗುಮಟೆ, ಕಿಕ್ ಹದಿನಾಲ್ಕು ಮನೆಯಲ್ಲೇ ಓಡುತ್ತಿರುವಾಗ, ತಾಳದ ಕಿಣಿಕಿಣಿಯನ್ನು ಹದಿನಾರು ಮನೆಯ ಪ್ಯಾಟರ್ನಿಗೆ ಬದಲಿಸಿದೆ. ಎರಡೂ ಒಟ್ಟಿಗೆ ಹೊರಟು ದೂರ ಸರಿದು, 112 ಮನೆ ಕಳೆದ ಮೇಲೆ ಮತ್ತೆ ಸಮದಲ್ಲಿ ಕೂಡುತ್ತವೆ. ತ್ರಿವುಡೆಯ ಎಂಟು ಆವರ್ತಕ್ಕೆ ಹದಿನಾರರ ಏಳು ಸುತ್ತು, 16.8 ಸೆಕೆಂಡ್. ಇಂಥ ಹದಿನಾಲ್ಕು ಸುತ್ತಿಗೆ 3 ನಿಮಿಷ 55 ಸೆಕೆಂಡ್. ಹಾಡಿನ ಉದ್ದ ಅಲ್ಲೇ ಸಿಕ್ಕಿತು. ನೃತ್ಯದ ಭಾಗಗಳು ಬದಲಾಗುವ ಜಾಗವೂ ಸಿಕ್ಕಿತು. ಎರಡು ಕೂಡುವ ಆ ಸಮದಲ್ಲೇ ಎಲ್ಲರೂ ತಿರುಗುತ್ತಾರೆ.

ಮಿಕ್ಸಿಂಗಿನಲ್ಲಿ ಹೇಳುವುದು ಹೆಚ್ಚಿಲ್ಲ. ಈ ಗುಮಟೆಯ ತೆರೆದ ಸ್ವರ 90 ಹರ್ಟ್ಸ್ ಸುತ್ತ ಇತ್ತು. 70ರ ಕೆಳಗಿನದನ್ನು ಅದರಿಂದ ತೆಗೆದೆ, ಆ ಜಾಗ ಕಿಕ್ಕಿಗೆ. ಗುಮಟೆಗೆ ಕಂಪ್ರೆಸರ್ ಹಾಕಲಿಲ್ಲ. ಮೆದು ಪೆಟ್ಟಿಗೂ ಜೋರು ಪೆಟ್ಟಿಗೂ ಇರುವ ದೂರ ಹಾಗೇ ಇರಲಿ ಅನಿಸಿತು.

ಶಿರಸಿಯ ಅಭ್ಯಾಸದಲ್ಲಿ ಹಾಕಿದಾಗ ಗೆಳತಿಗೆ ಹಿಡಿಸಿತು. ಹೊಸ ಮಕ್ಕಳಿಗೆ ವೇಗ ಸ್ವಲ್ಪ ಜಾಸ್ತಿ, 96ಕ್ಕೆ ಇಳಿಸು ಅಂದಳು. ಕಿಕ್, ತಾಳ ಎರಡೂ ಪ್ಯಾಟರ್ನ್ ಆದ್ದರಿಂದ ಅಂಕೆ ಬದಲಿಸಿದರೆ ಮುಗಿಯಿತು. ಒಂದು ಸುತ್ತು 17.5 ಸೆಕೆಂಡ್ ಆಯಿತು, ಒಟ್ಟು 4 ನಿಮಿಷ 5 ಸೆಕೆಂಡ್. ಗುಮಟೆಯ ಮಿಡಿಯೂ ಜೊತೆಗೆ ಹಿಗ್ಗುತ್ತದೆ, ಆದರೆ ನಿಧಾನದಲ್ಲಿ ಕೈ ಬೇರೆ ಥರ ಬೀಳುತ್ತದೆ. ಅದನ್ನು 96ರಲ್ಲಿ ಹೊಸದಾಗಿ ನುಡಿಸಿದೆ. ಆರಂಭದ ಎಂಟು ಆವರ್ತಕ್ಕೆ ಗೌಡರ ಹತ್ತಿರವೇ ಹೋದೆ. ಅಷ್ಟು ಭಾಗವನ್ನು ಯಂತ್ರದಲ್ಲಿ ಎಳೆಯಲು ನನಗೆ ಮನಸ್ಸು ಬರಲಿಲ್ಲ. ಅವರು ಒಲೆ ಹಚ್ಚಿ ಗುಮಟೆ ಕಾಯಿಸಿದರು, ನಾನು ಕೈ ತಟ್ಟಿದೆ. ಕಿಕ್ ಮತ್ತು ತಾಳ ಒಂದು ಫೈಲ್, ಗುಮಟೆ ಇನ್ನೊಂದು ಮಾಡಿ ಶಿರಸಿಗೆ ಕಳಿಸಿದ್ದೇನೆ. ಸಭಾಂಗಣದ ಸ್ಪೀಕರ್ ನೋಡಿಕೊಂಡು ಅಲ್ಲಿಯೇ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.